ಒಂದು ಕೋಟಿ ಕವಡೆ

ಚರ್ಮವೆಂದರೆ ನನ್ನ ಕಂಪ್ಯೂಟರಿಗೆ
ಐದು ಸಾಲು ಅಂಕಿ.
ಒಣಪದರ, ಬಣ್ಣದ ಪದರ, ನಾರಿನ ಪದರ,
ನೆತ್ತರು, ಕೆಳಗೆ ಕೊಬ್ಬು.
ಬೆವರಿಲ್ಲ, ಬಳೆಯಿಲ್ಲ, ಸೊಳ್ಳೆ ಕಡಿದ ಗುರುತಿಲ್ಲ.

ಮೇಲಿನಿಂದ ಬೆಳಕಿನ ಒಂದು ಚೂರು ಬಿಡುತ್ತೇನೆ.
ತಲೆಯಿಂದ ಬಾಲಕ್ಕೆ ಅಳೆದರೆ
ಕೂದಲೆಳೆಯ ಅರ್ಧ ದಪ್ಪವೂ ಇಲ್ಲ.
ರೆಪ್ಪೆ ಬಡಿಯುವ ಹೊತ್ತೆಂಬುದು
ಅದರ ಲೆಕ್ಕದಲ್ಲಿ ಎಷ್ಟೋ ಯುಗ.

ಒಳಗೆ ಹೋದದ್ದೇ ತಡ, ಚೆದುರುತ್ತದೆ.
ಒಂದೊಂದು ಕಣಕ್ಕೂ ಕವಡೆ ಹಾಕಬೇಕು, ಚೌಕಾಬಾರದ ಹಾಗೆ:
ಎಷ್ಟು ದೂರ ನಡೆ, ಎತ್ತ ತಿರುಗು,
ಈ ಮನೆಯಲ್ಲಿ ಉಳಿಯುವೆಯೋ, ಕಡಿಸಿಕೊಳ್ಳುವೆಯೋ.
ಹೆಚ್ಚಿನವು ಮುಂದಕ್ಕೇ ನುಗ್ಗುತ್ತವೆ.
ಆದರೂ, ಬಳೇಪೇಟೆಯಲ್ಲಿ ಹೊಕ್ಕವರು
ನಾಲ್ಕು ಸಂದಿ, ಎರಡು ಗೋದಾಮು, ಒಂದು ದರ್ಗಾ ಸುತ್ತಿ
ಅಕ್ಕಿಪೇಟೆಯಲ್ಲಿ ತೇಲಿದಂತೆ,
ಒಟ್ಟಿಗೆ ಹೊರಟವು ಒಟ್ಟಿಗೆ ಬರುವುದಿಲ್ಲ.
ಮೊದಲು ನೇರ ಬಂದ ನಾಲ್ಕಾರು,
ಆಮೇಲೆ ಗುಂಪು, ಕೊನೆಗೆ
ಯಾಕೆ ಹೊರಟೆವೆಂಬುದೇ ಮರೆತ ಕೆಲವು.

ತೀರಾ ಸೊರಗಿದವಕ್ಕೆ ಒಂದು ನಿಯಮವಿದೆ:
ಹತ್ತರಲ್ಲಿ ಒಂಬತ್ತನ್ನು ಆಟದಿಂದ ತೆಗೆ,
ಉಳಿದೊಂದರ ತಲೆಗೆ ಹತ್ತರ ಭಾರ ಹೊರಿಸು.
ಒಟ್ಟು ಲೆಕ್ಕ ತಪ್ಪುವುದಿಲ್ಲ.
ಮೊದಮೊದಲು ಈ ಸಾಲು ಬರೆಯುವಾಗ
ಕೈ ತಡೆಯುತ್ತಿತ್ತು. ಈಗಿಲ್ಲ.

ಮತ್ತಿಕೆರೆ ಕಡೆಗೆ ಕಿಟಕಿ.
ಕೋಟಿ ಕವಡೆ ಬೀಳಲು ಒಂದು ರಾತ್ರಿ ಬೇಕು.
ಎರಡು ಸಲ ಕರೆಂಟು ಹೋಗಿ, ಯುಪಿಎಸ್ ಕೀರಲು ದನಿಯಲ್ಲಿ ಅತ್ತು,
ನಾಲ್ಕೂವರೆಗೆ ಯಶವಂತಪುರದಲ್ಲಿ ಯಾವುದೋ ರೈಲು ಕೂಗಿ,
ಆರಕ್ಕೆ ಪಿಳ್ಳಮ್ಮ ಬಕೆಟ್ಟು ಹಿಡಿದು ಬಂದಳು.

"ಇದೇನವ್ವ, ರಾಗಿ ಚೆಲ್ಲಿದಂಗೈತೆ?"
ಚರ್ಮ, ಅಂದೆ. ಚರ್ಮದೊಳಗೆ ಲೇಸರ್.
ಲೇಸರ್ ಅಂದದ್ದೇ
ನೀಲಿ ಕೋಟಿನ ತೋಳು ಮಡಿಚಿ ಮುಂಗೈ ಚಾಚಿದಳು.
ದೊಡ್ಡಯ್ಯ, ಅಂತ ಹಚ್ಚೆ.
ರಾಜಾಜಿನಗರದ ಕ್ಲಿನಿಕ್ಕಿನಲ್ಲಿ, ಹಬ್ಬದ ರಿಯಾಯಿತಿಯಲ್ಲಿ,
ಎರಡು ಸಲ ಹೊಡೆಸಿದ್ದಾಳೆ.
'ದೊ' ಇದ್ದಲ್ಲಿ ಬಿಳಿಚಿದ ನುಣುಪು ಕಲೆ,
ಇಡ್ಲಿ ಪಾತ್ರೆಯ ಹಬೆ ಬಡಿದಂತೆ.
ಮಿಕ್ಕ ಅಕ್ಷರ ಹಸಿರಾಗಿ ಹಾಗೇ.
"ಉರಿ ತಡೀನಾರ್ದೆ ಬಿಟ್ಬುಟ್ಟೆ.
ಮುಕ್ಕಾಲು ಗಂಡ ಇನ್ನೂ ಅವ್ನೆ ಕಣವ್ವ."
ನಕ್ಕಳು. ಯಾಕೆ ಅಳಿಸಬೇಕೆಂದು ಅವಳು ಹೇಳಲಿಲ್ಲ,
ನಾನೂ ಕೇಳಲಿಲ್ಲ.

ತೋಳು ಪರದೆಯ ಪಕ್ಕದಲ್ಲೇ ಇತ್ತು.
ಎರಡನೆಯ ಸಾಲು ನೋಡಿದೆ:
ಬಣ್ಣದ ಪಾಲು, ನೂರಕ್ಕೆ ಎರಡು.
ಮೂರು ವರ್ಷದಿಂದ ನೋಡುತ್ತಲೇ ಇದ್ದೇನೆ.
ಯಾವುದೋ ಚಳಿದೇಶದ ಕೋಷ್ಟಕದಿಂದ ಇಳಿಸಿಕೊಂಡದ್ದು,
ಅಲ್ಲಿನ ಯಾರೋ ಪುಣ್ಯಾತ್ಮರು ಕೊಟ್ಟ ತೋಳು.
ನನ್ನದೂ ಅಲ್ಲ.
ಕೀಲಿಮಣೆಯ ಮೇಲಿನ ಈ ಕೈ ಪಿಳ್ಳಮ್ಮನ ಕೈಗಿಂತ
ಒಂದು ಚಮಚ ಹಾಲಷ್ಟೇ ತಿಳಿ.

ಎರಡು ಅಳಿಸಿ ಇಪ್ಪತ್ತೆರಡು ಬರೆದು
ತಾಳ್ಮೆಯಿಲ್ಲದೆ, ಸಾವಿರ ಕಣ ಮಾತ್ರ ಬಿಟ್ಟೆ.
ಮೇಲಿನ ಮನೆಯಲ್ಲೇ ಕಡಿಸಿಕೊಂಡವು ಕಾಯಿಗಳು.
ಹಚ್ಚೆಯ ಆಳಕ್ಕೆ ಇಳಿದದ್ದು ನೂರಕ್ಕೂ ಕಮ್ಮಿ.
ಮೇಲೆ ಕೆಂಪು, ಬರೀ ಕೆಂಪು.
ಅವಳು ಬಗ್ಗಿ ನೋಡಿ
"ಹೂಂ, ಇಲ್ಲೇ ಸುಟ್ಟಿದ್ದು" ಅಂದಳು,
ಕಲೆಯನ್ನಲ್ಲ, ಪರದೆಯನ್ನು ಮುಟ್ಟಿ.

ಆಮೇಲೆ ನೆಲ ಒರೆಸಲು ಶುರುಮಾಡಿದಳು.
ನಾನು ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡೆ.
ಇನ್ನು ಮೊದಲಿಂದ ಕೋಟಿ ಕವಡೆ.
ಹೊಸ ಚರ್ಮಕ್ಕೆ ಹೆಸರು ಕೊಡು, ಅಂತ ಕೇಳಿತು ಯಂತ್ರ.
ಹಳೆಯವು ಮಾದರಿ ಒಂದು, ಮಾದರಿ ಎರಡು.
'ಪಿ' ಒತ್ತಿ, 'ಳ' ಹುಡುಕುತ್ತಿದ್ದೆ.

ಬೆನ್ನ ಹಿಂದೆ ಫಿನಾಯಿಲ್ ವಾಸನೆ, ಅವಳ ದನಿ:
"ಹೆಸ್ರು ಬರೀತಿದ್ದೀಯಾ? ನೋಡ್ಕೊಂಡು ಬರಿ.
ಆಮ್ಯಾಕೆ ಅಳ್ಸಾಕೆ ಬಲು ಕಷ್ಟ."